ಜೋಡಿ ಚಿಪ್ಪಿನ ಭಾರ

ಕಂಡವರ ಅಡುಗೆಮನೆಗಳನ್ನೆಲ್ಲ ಕಂಪ್ಯೂಟರಿನಲ್ಲಿ ಚಂದ ಮಾಡಿ ತೋರಿಸುವ 'ಕಿಚನ್ ಮೇಡಂ' ಎಂದೇ ಹೆಸರಾದವಳಿಗೆ, ತನ್ನ ಅಡುಗೆಮನೆಯಲ್ಲಿ ಸೌಟು ನೇತುಹಾಕಲು ಒಂದು ಮೊಳೆಯೂ ಇರಲಿಲ್ಲ. ಹೊಡೆದುಕೊಡುತ್ತೇನೆಂದು ಗಂಡ ಮದುವೆಯ ಹೊಸತರಲ್ಲೇ ಮಾತು ಕೊಟ್ಟಿದ್ದ. ಮಾತು ಇನ್ನೂ ಗಟ್ಟಿಯಾಗಿಯೇ ಇತ್ತು.

ಅವಳ ಕಂಪ್ಯೂಟರಿನ ಪರದೆಗೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಕೈಕೊಟ್ಟಿದ್ದು ಹೋಟೆಲಿನ ಒಡತಿಯೊಬ್ಬಳು ಬರಬೇಕಿದ್ದ ದಿನವೇ. ಅಷ್ಟು ದೊಡ್ಡ ಅಡುಗೆಮನೆಯ ಕೆಲಸ ಹುಡುಕಿಕೊಂಡು ಬಂದದ್ದು ಅದೇ ಮೊದಲು. ಸಂಜೆಯೊಳಗೆ ಅದರ ನಕ್ಷೆಯನ್ನು ಪರದೆಯ ಮೇಲೆ ತಿರುಗಿಸಿ ತೋರಿಸದಿದ್ದರೆ ಕೆಲಸ ಬೇರೆಯವರ ಪಾಲು. ಗಂಡ ಗೆಳೆಯನ ಮನೆಯಿಂದ ಹಳೆಯ ಕಾರ್ಡೊಂದನ್ನು ಎರಡು ಕೈಯಲ್ಲಿ ಎತ್ತಿಕೊಂಡು ಬಂದ. ಇಟ್ಟಿಗೆಯಂತಿತ್ತು.

"ಒಂದರಲ್ಲೇ ಎರಡು ಚಿಪ್ ಕಣೇ! ಇಬ್ಬರ ಕೆಲಸ ಒಂದೇ ಮಾಡುತ್ತೆ."

"ಹಾಗಾದ್ರೆ ನಮ್ಮನೇಗೆ ಹೊಸದೇನಲ್ಲ ಬಿಡಿ."

ಗಂಡ ನೆಲದ ಮೇಲೆ ಕೂತು ರಿಪೇರಿಗಿಳಿದ. ಕೂತಲ್ಲಿಂದ ಏಳದೆ ಸ್ಕ್ರೂಡ್ರೈವರ್ ಕೇಳಿದ, ಒರೆಸುವ ಬಟ್ಟೆ ಕೇಳಿದ, ಕೊನೆಗೆ ಟೀ ಕೇಳಿದ. ಕಾರ್ಡನ್ನು ಸ್ಲಾಟಿಗೆ ಒತ್ತಿ, ಸ್ಕ್ರೂ ಬಿಗಿದು, ಎರಡೂ ಕರೆಂಟ್ ವೈರುಗಳನ್ನು ಚುಚ್ಚಿ ಗುಂಡಿ ಒತ್ತಿದ. ಫ್ಯಾನು ಗಿರ್ರೆಂದಿತು. ಪರದೆ ಮಾತ್ರ ಕಗ್ಗತ್ತಲು. ಬಿಚ್ಚಿದ, ಊದಿದ, ಮತ್ತೆ ಹಾಕಿದ. ಮತ್ತೂ ಕತ್ತಲು.

"ಮಾನಿಟರ್ರೇ ಕೆಟ್ಟಿರ್ಬೇಕು ಅಣ್ಣಾ," ಎಂದು ಸೋಫಾದಿಂದ ಮೈದುನ ತೀರ್ಪು ಕೊಟ್ಟ.

ಟಾರ್ಚ್ ಹಿಡಿದು ಬಗ್ಗಿದ್ದ ಅವಳ ಕೈ ಕಾರ್ಡಿನ ತುದಿಗೆ ತಗುಲಿ ಅದು ಚೂರು ಮೇಲೆದ್ದಿತು. ಪರದೆಯಲ್ಲಿ ಬೆಳಕು! ಕೈ ತೆಗೆದರೆ ಕತ್ತಲು. ಒಂದು ತುದಿಗೆ ಸ್ಕ್ರೂ ಇತ್ತು, ಇನ್ನೊಂದು ತುದಿ ಭಾರಕ್ಕೆ ಜೋತುಬಿದ್ದಿತ್ತು.

"ಸಿಕ್ತು! ಹಾಗೇ ಹಿಡ್ಕೊಂಡಿರು!"

"ಎಷ್ಟೊತ್ತು?"

"ಇವತ್ತೊಂದಿನ ಹಿಡ್ಕೋ. ಆಸರೆ ಏನಾದ್ರೂ ಆಮೇಲೆ ನೋಡೋಣ."

ಮೊಳೆಗೂ ಇದೇ 'ಆಮೇಲೆ'. ಅಷ್ಟರಲ್ಲಿ ಬಾಗಿಲಿನ ಗಂಟೆ ಸದ್ದಾಯಿತು.

"ರೀ, ಬನ್ನಿ, ನೀವು ಹಿಡ್ಕೊಳ್ಳಿ. ಮೌಸ್ ನಾನು ಹಿಡೀಬೇಕು."

ಹೋಟೆಲಿನ ಒಡತಿ ಒಳಗೆ ಬಂದು, ಕಂಪ್ಯೂಟರಿನ ಡಬ್ಬದೊಳಗೆ ಮೊಣಕೈವರೆಗೆ ಕೈ ತೂರಿಸಿಕೊಂಡು ಕೂತ ಗಂಡಸನ್ನು ನೋಡಿ ತಡೆದು ನಿಂತಳು. "ಇವರು...?"

"ಏನಿಲ್ಲ, ಮನೆಗೆಲಸ ಮಾಡ್ತಿದ್ದಾರೆ. ನೀವು ಕೂತ್ಕೊಳ್ಳಿ."

ಪರದೆಯ ಮೇಲೆ ಅಡುಗೆಮನೆ ಆಗಷ್ಟೇ ತಿರುಗತೊಡಗಿತ್ತು, ಒಳಕೋಣೆಯಿಂದ ಅತ್ತೆ ಕೂಗಿದರು: "ಹಾಲು ಉಕ್ತಾ ಇದೆ, ಯಾರಾದ್ರೂ ನೋಡ್ರೋ!"

ಅವಳು ಅಭ್ಯಾಸಬಲದಿಂದ ಅರ್ಧ ಎದ್ದಳು, ಮತ್ತೆ ಕೂತಳು. ಮೈದುನ ಸುತ್ತಲೂ ನೋಡಿದ. ಖಾಲಿ ಇದ್ದದ್ದು ಅವನ ಕೈಗಳು ಮಾತ್ರ. ಒಳಗೆ ಓಡಿದ.

"ಅತ್ತಿಗೇ, ಗ್ಯಾಸ್ ಯಾವ ಕಡೆ ತಿರುಗಿಸಿದ್ರೆ ಆಫು?"

"ಈಗಿರೋದಕ್ಕೆ ಉಲ್ಟಾ!"

"ಇವಳೇ," ಕೆಳಗಿನಿಂದ ನರಳುವ ದನಿ, "ಕೈ ಜೋಮು ಹಿಡೀತು."

"ಇವತ್ತೊಂದಿನ ಹಿಡ್ಕೊಳ್ಳಿ. ಆಸರೆ ಆಮೇಲೆ ನೋಡೋಣ."

ಅವಳ ಕೈ ಅಲ್ಲಿದ್ದಷ್ಟು ಹೊತ್ತು ಹೊಳೆಯದ ಉಪಾಯ ಅವನಿಗೆ ಆಗ ಥಟ್ಟನೆ ಹೊಳೆಯಿತು. "ಲೋ, ಬರ್ತಾ ಆ ಲಟ್ಟಣಿಗೆ ತಾರೋ!"

ಲಟ್ಟಣಿಗೆಯನ್ನು ಕಾರ್ಡಿನ ಅಡಿಗೆ ನೆಟ್ಟಗೆ ನಿಲ್ಲಿಸಿದರು. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಪರದೆ ಮಿಟುಕಲೂ ಇಲ್ಲ. ಒಡತಿ ಅಡುಗೆಮನೆಯನ್ನು ಮೂಲೆಮೂಲೆಯೂ ನೋಡಿ, "ಕೆಲಸ ನಿಮ್ದೇ. ನಾಳೆಯಿಂದಲೇ ಶುರು ಮಾಡಿ," ಎಂದು ಎದ್ದಳು.

ಅಡುಗೆಯ ಹೊತ್ತಿಗೆ ಅತ್ತೆ ಪಾತ್ರೆಗಳನ್ನೆಲ್ಲ ತಡಕಾಡಿದರು. "ಲಟ್ಟಣಿಗೆ ಎಲ್ಲಿಟ್ಟೆಯೇ?"

"ಅದೂ ಕೆಲಸಕ್ಕೆ ಸೇರ್ಕೊಂಡಿದೆ ಅತ್ತೆ," ಅವಳು ಪರದೆಯಿಂದ ಕಣ್ಣು ಕೀಳಲಿಲ್ಲ. "ಇನ್ನು ಅಡುಗೆಮನೆಗೆ ಬರೋದು ಡೌಟು."