ಸಾರಿನ ಪಾತ್ರೆಯಡಿಯ ಚಕ್ರ

ಅವತ್ತು ತಿರುಗಿದ್ದು ನಯಾಜ್ ಮಾಡಿದ ಚಕ್ರವಲ್ಲ. ನಾನು ಕದ್ದುಮುಚ್ಚಿ ಹಾಕಿದ ಫಾರಿನ್ ಚಕ್ರ. ಹೇಳಿಬಿಟ್ಟೆ.

ನಾವಿಬ್ಬರೂ ಚಿತ್ರದುರ್ಗದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೆವು. ಯುದ್ಧವಿಮಾನದ ಎಂಜಿನ್ ನಾವೇ ಮಾಡಬೇಕೋ, ಹೊರದೇಶದ ಕಂಪನಿಗಳ ಜೊತೆ ಕೂಡಿ ಮಾಡಬೇಕೋ ಎಂದು ಕಾಲೇಜಿನಲ್ಲಿ ಚರ್ಚಾಸ್ಪರ್ಧೆ. ನಾವೇ ಮಾಡಬೇಕು ಅಂದ ನಯಾಜ್. ಕೂಡಿ ಮಾಡಬೇಕು ಅಂದೆ ನಾನು— ಯೋಚಿಸಿ ಅಲ್ಲ, ಅವನಿಗೆ ಎದುರು ನಿಲ್ಲುವ ಚಟಕ್ಕೆ. ಮಾತಿನಲ್ಲಿ ಅವನು ಸೋತ. ವೇದಿಕೆ ಇಳಿದವನೇ, "ಲೇ ತಿಪ್ಪೇಶ, ಬಾಯಾಗಲ್ಲ, ಮಾಡಿ ತೋರಿಸ್ತೀನಿ" ಅಂದ.

ಅವನ ಅಪ್ಪನ ಲೇತ್ ಅಂಗಡಿಯಲ್ಲಿ ಒಂದು ಪುಟ್ಟ ಜೆಟ್ ಎಂಜಿನ್ ಹುಟ್ಟತೊಡಗಿತು. ಪ್ರಾಜೆಕ್ಟಿನಲ್ಲಿ ನನ್ನ ಹೆಸರೂ ಇತ್ತು. ನನ್ನ ಕೊಡುಗೆ— ಮಂಡಕ್ಕಿ ಮಿರ್ಚಿ ತರುವುದು, ಸ್ಪ್ಯಾನರ್ ಕಳೆಯುವುದು. ಅವನ ಅಪ್ಪ ಚಹಾ ತಂದಿಟ್ಟು, "ಹಾರೋದು ಆಮ್ಯಾಲೆ, ಮೊದ್ಲು ಕುಡೀರಿ" ಅನ್ನುತ್ತಿದ್ದರು. ಆ ಚಹಾಕ್ಕೂ ಆಯಿಲ್ ವಾಸನೆ. ಈಗಲೂ ಎಲ್ಲಾದರೂ ಆ ವಾಸನೆ ಬಂದರೆ ನಾನು...

ಕಾಲೇಜಿನ ಪ್ರದರ್ಶನಕ್ಕೆ ಮುಂಚಿನ ಶುಕ್ರವಾರ ಅವನು ನಮಾಜಿಗೆ ಹೋಗಿದ್ದ. ಅವನನ್ನು ರೇಗಿಸಲೆಂದೇ ಅವನ ಎಂಜಿನ್ನಿನ ಚಕ್ರದ ಅಳತೆಯದೇ ಫಾರಿನ್ ಚಕ್ರವೊಂದನ್ನು ಆನ್‌ಲೈನಿನಲ್ಲಿ ತರಿಸಿದ್ದೆ. ಹೋಲಿಸಿ ನೋಡಲು ಎಂಜಿನ್ ಬಿಚ್ಚಿದೆ. ಉರಿಯುವ ಗಾಳಿಗೆ ತಿರುಗುವ ರೆಕ್ಕೆಚಕ್ರ, ಅಂಗೈಯಗಲದ್ದು, ಅವನೇ ಕೊರೆದದ್ದು. ಒಂದು ರೆಕ್ಕೆಯ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು. ಹೇಳಬೇಕಿತ್ತು. ಫಾರಿನ್ನಿನದನ್ನು ಹಾಕಿ ಮುಚ್ಚಿದೆ. ಗೆಳೆಯನ ಮಾನ ಉಳಿಸಿದೆ ಅಂದುಕೊಂಡೆ— ನಿಜವೆಂದರೆ, ಫೇಲಾಗಲು ನನಗೇ ಹೆದರಿಕೆ.

ಪ್ರದರ್ಶನದ ದಿನ ಎಂಜಿನ್ ಚೀರಿದ ಚೀರಿಗೆ ಏಳುಸುತ್ತಿನ ಕೋಟೆ ಎಂಟನೇ ಸುತ್ತು ಹೊಡೆದಿರಬೇಕು. ಮೊದಲ ಬಹುಮಾನ. ನಯಾಜ್ ಅತ್ತುಬಿಟ್ಟ. ಆಮೇಲೆ ಅವನು ಅದನ್ನು ಬಿಚ್ಚಲು ಹೊರಟಾಗಲೆಲ್ಲ ನಾನು, "ಗೆದ್ದ ಎಂಜಿನ್ ಬಿಚ್ಚಬಾರ್ದು ಕಣ್ಲೇ, ದೃಷ್ಟಿ ಆಗ್ತೈತೆ" ಎಂದು ಹೊಸ ನಿಂಬೆಹಣ್ಣು ಕಟ್ಟುತ್ತಿದ್ದೆ. ಜೆಟ್ ಎಂಜಿನ್ನಿಗೆ ನಿಂಬೆಹಣ್ಣು ಕಟ್ಟಿದ ಇಂಜಿನಿಯರ್ ಭೂಮಿಯ ಮೇಲೆ ನಾನೊಬ್ಬನೇ ಇರಬೇಕು.

ಓದು ಮುಗಿಯಿತು. ಈ ವರ್ಷ, ಆ ಬಹುಮಾನದ ಸುದ್ದಿ ಕೇಳಿ, ಯುದ್ಧವಿಮಾನದ ಎಂಜಿನ್ ಮಾಡುವ ತಂಡವೊಂದು ಅವನನ್ನು ಕರೆಯಿತು. ಅಂಥದ್ದೇ ಇನ್ನೊಂದು ಚಕ್ರ ಮಾಡಿ ತೋರಿಸಿದರೆ ಕೆಲಸ. ಮಾಡಿದ್ದೆಲ್ಲ ಒಡೆಯಿತು. "ಅವತ್ತು ಹೆಂಗೆ ತಡಕಂತಲೇ ಅದು?" ಎಂದು ನನ್ನನ್ನೇ ಕೇಳುತ್ತಿದ್ದ. ನಾನು ಜೋಕು ಹೊಡೆದು ತೇಲಿಸುತ್ತಿದ್ದೆ. ಅವನು ಸೊರಗುತ್ತಿದ್ದ.

ಮೊನ್ನೆ ಯಲ್ಲದಕೆರೆಯ ನಮ್ಮ ಮನೆಗೆ ಊಟಕ್ಕೆ ಬಂದ. ಅವನ ಚಕ್ರವನ್ನು ನಾನು ಬಚ್ಚಿಟ್ಟಿದ್ದು ಎಲ್ಲಿ? ಅಡುಗೆಮನೆಯ ಅಟ್ಟದ ಮೇಲೆ— ನನ್ನ ಬುದ್ಧಿಗೆ ಅಷ್ಟೇ ಎತ್ತರ. ಅವ್ವ ಅದನ್ನು ಯಾವಾಗಲೋ ಇಳಿಸಿ, ತೊಳೆದು, ಬಿಸಿ ಪಾತ್ರೆಗಳ ಅಡಿಗೆ ಇಡಲು ಇಟ್ಟುಕೊಂಡಿದ್ದಳು. ಮುದ್ದೆಗೆ ಕುಂತಿದ್ದ ನಯಾಜ್ ಸಾರಿನ ಪಾತ್ರೆ ಎತ್ತಿದ. ಕೆಳಗೆ ನೋಡಿದ. ಎಡಗೈಯ ಬೆರಳು ರೆಕ್ಕೆಗಳ ಮೇಲೆ ಸುತ್ತು ಹಾಕಿ ಬಿರುಕಿನ ಹತ್ತಿರ ನಿಂತಿತು.

"ಚೆಲ್ತೈತೆ, ಹುಷಾರಪ್ಪ" ಅಂದಳು ಅವ್ವ.

ಅಲ್ಲೇ ಎಲ್ಲ ಹೇಳಿದೆ. ಒಂದು ಜೋಕೂ ಬಾಯಿಗೆ ಬರಲಿಲ್ಲ. ಅವನು ತಲೆ ತಗ್ಗಿಸಿ ಊಟ ಮುಗಿಸಿದ, ಚಕ್ರವನ್ನು ಟವೆಲಿನಲ್ಲಿ ಸುತ್ತಿಕೊಂಡ. ಬಸ್‌ಸ್ಟಾಪಿನವರೆಗೂ ನಾನು ಹಿಂದೆಯೇ ಹೋದೆ. ಹತ್ತುವಾಗ ತಿರುಗಿ ಅಂದ:

"ಅವತ್ತೇ ಒಡೆದಿದ್ರೆ, ಯಾಕೆ ಒಡೀತು ಅಂತ ಅವತ್ತಿಂದ್ಲೇ ಹುಡುಕ್ತಿದ್ದೆ ಕಣ್ಲೇ. ನಾಳೆ ಅಂಗಡಿಗೆ ಬಾ. ಇದನ್ನೇ ಹಾಕಿ ತಿರುಗ್ಸಾಣ, ಒಡೀಲಿ. ನಿಂಬೆಹಣ್ಣು ತರಬ್ಯಾಡ."