ಓಮ್ನಿಯ ಮುಂದಿನ ಸೀಟು

ಶಿಡ್ಲಘಟ್ಟದ ರಹಮತುನ್ನೀಸಾಗೆ ಗಂಡನ ಮೇಲಿದ್ದದ್ದು ಒಂದೇ ದೂರು. ಒಂದೇ ಆದರೂ ಬೆಟ್ಟದಷ್ಟು. ಮನೆಗೆ ಓಮ್ನಿ ಬಂದ ಮೇಲೆ ಒಂದು ದಿನವಾದರೂ ಅವಳನ್ನು ಮುಂದಿನ ಸೀಟಿನಲ್ಲಿ ಕೂರಿಸಲಿಲ್ಲ ಆ ಮಹಾರಾಯ.

ಗಂಡ ಷರೀಫ್ ರೇಷ್ಮೆ ನೂಲು ತೆಗೆಯುವ ಕಸುಬಿನವನು. ಮಾರ್ಕೆಟ್ಟಿನಿಂದ ಗೂಡು ತರುವಾಗ ಒಳ್ಳೆಯ ಗೂಡು ನಲುಗಬಾರದೆಂದು ಮುಂದಿನ ಸೀಟಿಗೆ. ಉಳಿದ ಚೀಲಗಳು ಉರುಳದಂತೆ ಹಿಡಿದುಕೊಳ್ಳಲು ಹಿಂದಿನ ಸೀಟಿಗೆ ಹೆಂಡತಿ. ನೆಂಟರ ಮದುವೆಗೆ ಹೊರಟರೆ ಮುಂದೆ ಅತ್ತೆ. "ನನಗಿಂತ ಹುಳಾನೇ ಹೆಚ್ಚಾಯ್ತು" ಎಂದು ಕಿಟಕಿಯ ಕಡೆ ಮುಖ ತಿರುಗಿಸಿದಳೆಂದರೆ ಚಿಂತಾಮಣಿ ಬಂದರೂ ಈಚೆ ತಿರುಗುತ್ತಿರಲಿಲ್ಲ. ಹಟವೆಂದರೆ ಹಟ. "ತಡಿ, ನಂದಿ ಬೆಟ್ಟಕ್ಕೆ ಮುಂದೆ ಕೂರಿಸ್ಕೊಂಡು ಹೋಗ್ತೀನಿ" ಎನ್ನುತ್ತಲೇ ಇದ್ದ. ಹೋದ ಚಳಿಗಾಲದಲ್ಲಿ ಎದೆನೋವೆಂದು ಮಲಗಿದವನು ಏಳಲಿಲ್ಲ.

ಆಮೇಲೆ ಗಾಡಿಯನ್ನು ಯಾರೂ ಮುಟ್ಟಲಿಲ್ಲ. ಓಡಿಸುವವರೇ ಇಲ್ಲ, ಮಾರುವುದೆಂದಾಯಿತು. ಪಕ್ಕದ ಮನೆಯ ಶೋಭಾರಾಣಿ ಬಂದವಳು ಮೂಗು ಮುಚ್ಚಿಕೊಂಡಳು.

"ಹುಳದ ವಾಸ್ನೆ ಹೋಗ್ದಿದ್ರೆ ಯಾರೂ ತಗಳಲ್ಲ ಕಣಕ್ಕಾ."

ಸರಿ, ಸೀಟು ಉಜ್ಜಿದ್ದಾಯಿತು, ಮ್ಯಾಟು ಬಿಸಿಲಿಗೆ ಹಾಕಿದ್ದಾಯಿತು, ಲೋಬಾನದ ಹೊಗೆಯನ್ನೂ ಹಿಡಿದದ್ದಾಯಿತು. ವಾಸನೆ ಹೋಗುತ್ತ ಬಂದಂತೆ ರಹಮತುನ್ನೀಸಾಗೆ ಅಳು ಬಂತು. ಷರೀಫನ ಅಂಗಿಗಳಲ್ಲಿ ಇದ್ದದ್ದೂ ಇದೇ ವಾಸನೆ, ಇಷ್ಟು ವರ್ಷ ಅವಳು ಬೈದದ್ದೂ ಇದನ್ನೇ. ಗಾಡಿ ಕೈಬಿಡುವ ಮುಂಚೆ ಒಂದೇ ಒಂದು ಸಲ ಮುಂದೆ ಕೂತು ಹೋಗಬೇಕೆಂಬ ಆಸೆ ಅವಳಿಗೆ. ಈ ವಯಸ್ಸಿನಲ್ಲಿ ಇದನ್ನು ಯಾರ ಹತ್ತಿರ ಹೇಳಿಕೊಳ್ಳುವುದು?

ಗಾಡಿ ನೋಡಲು ತೊಂಡೇಬಾವಿಯಿಂದ ಮುದುಕ ಕೋನಪ್ಪ ಬಂದ. ತಂದಿದ್ದ ಬ್ಯಾಟರಿ ಹಾಕಿ ಸ್ಟಾರ್ಟ್ ಮಾಡಿದ.

"ಒಂದು ರೌಂಡ್ ಹೋಗ್ಬರಣ, ನೀವೂ ಬನ್ನಿ ಅಮ್ಮಾ. ಗಾಡಿ ಎತ್ಕೊಂಡು ಹೋದ ಅಂತ ಆಮೇಲೆ ನೀವು ಅನ್ನಬಾರದು."

ಕರೆದದ್ದೇ ಸಾಕು, ಅವಳು ಮುಂದೆ ಹತ್ತಿ ಕೂತಳು. ಬೀದಿ ದಾಟಿತು, ಹಿಪ್ಪುನೇರಳೆ ತೋಟ ಬಂತು. ರಸ್ತೆ ಪೂರ್ತಿ ಕಾಣುತ್ತಿತ್ತು. ಆದರೆ ಪಕ್ಕದಲ್ಲಿ ಷರೀಫ್ ಇರಲಿಲ್ಲ.

ಕೋನಪ್ಪ ತಲೆ ಎತ್ತಿ ಮೇಲಿನ ಕನ್ನಡಿ ನೋಡಿದ.

"ಇದೇನಮ್ಮಾ, ಕನ್ನಡಿ ಹಿಂಗಿಟ್ಕೊಂಡೇ ಓಡಿಸ್ತಿದ್ರಾ ನಿಮ್ಮ ಯಜಮಾನ್ರು? ಹಿಂದೆ ಬರೋ ಗಾಡಿ ಒಂದೂ ಕಾಣಲ್ಲ. ಬರೀ ಹಿಂದಿನ ಸೀಟು ಕಾಣ್ತದೆ."

"ಸೀಟಲ್ಲಿ ಯಾವ ಕಡೆ?"

"ಎಡಗಡೆ, ಕಿಟಕಿ ಪಕ್ಕ."

ಅದು ಅವಳು ಕೂರುತ್ತಿದ್ದ ಜಾಗ. ಕೋನಪ್ಪ ಕನ್ನಡಿ ಸರಿಮಾಡಲು ಕೈ ಎತ್ತಿದ.

"ಮುಟ್ಟಬೇಡಿ ಅಪ್ಪಾ. ಸ್ವಲ್ಪ ನಿಲ್ಸಿ."

ಗಾಡಿ ನಿಂತಿತು. ಅವಳು ಇಳಿದು, ಹಿಂದಿನ ಬಾಗಿಲು ಸರಿಸಿ, ಎಡಗಡೆ ಕಿಟಕಿಯ ಪಕ್ಕ ಹೋಗಿ ಕೂತಳು. ಆಗೆಲ್ಲ ತಾನು ಒಂದು ಸಲ, ಒಂದೇ ಸಲ ಈಚೆ ತಿರುಗಿ ನೋಡಿದ್ದರೆ ಸಾಕಿತ್ತು. ಕನ್ನಡಿಯತ್ತ ಕಣ್ಣೆತ್ತಿದಳು. ಅದರಲ್ಲಿ ಕೋನಪ್ಪನ ಬಿಳಿ ಹುಬ್ಬು ಕಂಡಿತು.