ಮೂವತ್ತೊಂದನೆಯ ಗೀಟು

ಎಮೆಟ್ ಲೌಡರ್‌ಬ್ಯಾಕ್ ಅಮೆರಿಕದ ಡೇಟನ್ ಊರಿನ ಒಂದು ಕಚೇರಿಯಲ್ಲಿ ಇಪ್ಪತ್ತಾರು ವರ್ಷ ಕೂತು, ಇನ್ನೂ ನಕ್ಷೆಯಲ್ಲೇ ಇರುವ ಯುದ್ಧವಿಮಾನಗಳಿಗೆ ಎಷ್ಟು ಖರ್ಚಾದೀತೆಂದು ಅಂದಾಜು ಮಾಡಿದ ಮನುಷ್ಯ. ವಿಮಾನ ಹತ್ತಿದವನೇ ಅಲ್ಲ. ಏಣಿ ಹತ್ತಿದರೂ ತಲೆ ತಿರುಗುತ್ತಿತ್ತು. ಆದರೆ ರೆಕ್ಕೆಯ ತೂಕ ಹೇಳಿದರೆ ಸಾಕು, ಬೆಲೆ ಅವನ ನಾಲಿಗೆಯ ತುದಿಯಲ್ಲಿರುತ್ತಿತ್ತು.

ಇಂಥ ಅಂದಾಜಿನಲ್ಲಿ ಹೊರಗಿನವರಿಗೆ ಗೊತ್ತಿಲ್ಲದ ಒಂದು ಸಾಲಿರುತ್ತದೆ. ಯುದ್ಧವಿಲ್ಲದಿದ್ದರೂ, ಬರೀ ಅಭ್ಯಾಸದಲ್ಲೇ, ಇಪ್ಪತ್ತು ವರ್ಷಗಳಲ್ಲಿ ಎಷ್ಟು ವಿಮಾನ ಬಿದ್ದು ಹಾಳಾಗುತ್ತವೆಂದು ಲೆಕ್ಕ ಹಾಕಿ, ಅಷ್ಟನ್ನು ಮೊದಲೇ ಹೆಚ್ಚಿಗೆ ಕೊಳ್ಳಬೇಕು. 1969ರಲ್ಲಿ, ಒಬ್ಬನೇ ಕೂರುವ ಒಂದು ಹೊಸ ವಿಮಾನಕ್ಕೆ ಎಮೆಟ್ ಮೂವತ್ತನಾಲ್ಕು ಎಂದು ಬರೆದ. ಒಟ್ಟು ಮೊತ್ತ ಮೇಲಿನವರಿಗೆ ಹಿಡಿಸಲಿಲ್ಲ. ಅವನ ಮೇಲಧಿಕಾರಿ ಸ್ಟ್ರೌಡ್ ಪೆನ್ಸಿಲ್ ತೆಗೆದುಕೊಂಡು ಅದನ್ನು ಮೂವತ್ತೊಂದು ಮಾಡಿದ.

"ನೋಡಯ್ಯಾ, ಕೂತಲ್ಲೇ ಮೂರು ಜನರ ಪ್ರಾಣ ಉಳಿಸ್ದೆ!" ಎಂದ. ಎಲ್ಲರೂ ನಕ್ಕರು. ಎಮೆಟ್ ಕೂಡ ನಕ್ಕ.

ಆ ನಗು ನಿಂತದ್ದು, ಮಗಳು ನೊರೀನ್ ಅದೇ ವಿಮಾನ ಹಾರಿಸುವ ಗ್ರೇಡಿಯನ್ನು ಮದುವೆಯಾದಾಗ. ಅಂದಿನಿಂದ ಆ ಮೂವತ್ತೊಂದು ಎಂಬ ಸಂಖ್ಯೆ ಎಮೆಟ್‌ನ ಬೆನ್ನು ಬಿಡಲಿಲ್ಲ. ಎಲ್ಲೇ ಒಂದು ವಿಮಾನ ಬೀಳಲಿ, ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ ಗೋಡೆಗೆ ಒಂದು ಗೀಟು ಎಳೆಯುವನು. ತಾನು ಬರೆದದ್ದಕ್ಕೇ ಅವು ಬೀಳುತ್ತಿವೆ ಎಂದು ಅವನಿಗೆ ಅನ್ನಿಸತೊಡಗಿತು. ಅಷ್ಟು ಓದಿದವನಿಗೆ ಇದೆಂಥ ಹುಚ್ಚು ಅನ್ನಬಹುದು. ಆದರೆ ಲೆಕ್ಕದಲ್ಲಿ ಹೇಳಿದ ವರ್ಷಕ್ಕೆ ಹೇಳಿದಷ್ಟೇ ಗೀಟು ಬಿದ್ದಿದ್ದನ್ನು ನೀವು ನೋಡಿಲ್ಲ. ಮದುವೆಗೆ ಮೊದಲು ಬಿದ್ದವೂ ಸೇರಿ, ಅವನು ನಿವೃತ್ತನಾಗುವ ಹೊತ್ತಿಗೆ ಮೂವತ್ತಾದವು. ಇನ್ನೊಂದು ಉಳಿದಿತ್ತು, ಗ್ರೇಡಿ ದಿನಾ ಹಾರುತ್ತಿದ್ದ.

ಒಂದು ಭಾನುವಾರ ಚರ್ಚಿನಿಂದ ಬಂದು ಗಂಡ ಹೆಂಡತಿ ಅಡುಗೆಮನೆಯಲ್ಲಿ ಊಟಕ್ಕೆ ಕೂತಿದ್ದರು. ಅರಿಜೋನಾದಲ್ಲಿ ಅದೇ ವಿಮಾನ ಒಂದು ಬಿದ್ದಿದೆ, ಪೈಲಟ್ ಸತ್ತಿದ್ದಾನೆ ಎಂದು ರೇಡಿಯೊ ಹೇಳಿತು. ಹೆಸರು ಹೇಳಲಿಲ್ಲ. ಗ್ರೇಡಿ ಇದ್ದದ್ದೂ ಅರಿಜೋನಾದಲ್ಲೇ. ಹೆಂಡತಿ ವೆಸ್ಟಾ ತಟ್ಟೆ ಸರಿಸಿ ಪ್ರಾರ್ಥನೆಗೆ ಕೈ ಜೋಡಿಸಿದಳು. ಅರ್ಧ ಗಂಟೆಯ ಮೇಲೆ ಫೋನು ಬಂತು.

"ಅಪ್ಪಾ, ಗ್ರೇಡಿ ಅಲ್ಲ. ಪಕ್ಕದ್ಮನೆ ಟೋಬಿ. ಅವನ ಹೆಂಡ್ತಿ ನಮ್ಮ ಅಡುಗೆಮನೇಲಿ ಕೂತಿದಾಳೆ."

"ದೇವ್ರು ದೊಡ್ಡೋನು! ಮುಗೀತು ಕಣಮ್ಮಾ, ಲೆಕ್ಕ ಮುಗೀತು! ಇನ್ನು ನಿನ್ನ ಗಂಡಂಗೆ ಏನೂ ಆಗಲ್ಲ."

"ಯಾವ ಲೆಕ್ಕ?"

ಖುಷಿಯ ಭರದಲ್ಲಿ ಎಲ್ಲ ಹೇಳಿಬಿಟ್ಟ.

"ಟೋಬಿ ಸತ್ತ ಅಂತ ಖುಷಿ ಪಡ್ತಿದೀಯಾ ಅಪ್ಪಾ?"

ಎಮೆಟ್‌ಗೆ ಭೂಮಿಗಿಳಿದುಹೋಗುವಷ್ಟು ನಾಚಿಕೆಯಾಯಿತು.

ನೊರೀನ್ ಅಳುತ್ತಲೇ ದನಿ ತಗ್ಗಿಸಿ ಕೇಳಿದಳು. "ಆ ಮೂವತ್ತೊಂದು... ನಿಜಾನಾ? ನೀನೇ ಲೆಕ್ಕ ಹಾಕಿದ್ದು ತಾನೆ?"

ಹೌದು ಅನ್ನಲು ಬಾಯಿ ತೆರೆದವನಿಗೆ ಸ್ಟ್ರೌಡ್‌ನ ಪೆನ್ಸಿಲ್ ನೆನಪಾಯಿತು. ಮೂವತ್ತೊಂದು ಸ್ಟ್ರೌಡ್‌ನದು, ಮೊತ್ತ ಇಳಿಸಲು ಬರೆದದ್ದು. ತನ್ನದು ಮೂವತ್ತನಾಲ್ಕು.

"ಅಪ್ಪಾ?"

"ಗ್ರೇಡಿ ಮತ್ತೆ ಯಾವತ್ತು ಹಾರ್ತಾನೆ?"

"ಗುರುವಾರ. ಯಾಕೆ?"

ಎಮೆಟ್ ಫೋನು ಹಿಡಿದುಕೊಂಡೇ ಕ್ಯಾಲೆಂಡರನ್ನು ಸರಿಸಿ ಮೂವತ್ತೊಂದನೆಯ ಗೀಟು ಎಳೆದ. ಗೋಡೆಯ ಮೇಲೆ ಇನ್ನೂ ಮೂರು ಗೀಟಿಗೆ ಜಾಗವಿತ್ತು.